ಕೌನ್ಸೆಲಿಂಗ್ ಓದಬೇಕೆಂದಿದ್ದೇನೆ, ಯಾವ ಕೋರ್ಸಿಗೆ ಸೇರಲಿ?

ಪ್ರಶ್ನೆ: ಬಿ.ಎ.ಯಲ್ಲಿ ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದಿದ್ದೇನೆ. ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಬೇಕು, ಮುಂದೆ ಸೈಕೋಥೆರಪಿಯನ್ನೂ ಕಲಿಯಬೇಕು ಎಂಬ ಆಸೆ ಇದೆ. ಎಂ.ಎ. ಸೈಕಾಲಜಿ, ಎಂ.ಎಸ್ಸಿ. ಕೌನ್ಸೆಲಿಂಗ್ ಸೈಕಾಲಜಿ, ಎಂ.ಎಸ್ಸಿ. ಕ್ಲಿನಿಕಲ್ ಸೈಕಾಲಜಿ, ಎಂ.ಎಸ್.ಡಬ್ಲ್ಯು., ಒಂದು ವರ್ಷದ ಡಿಪ್ಲೊಮಾ ಹೀಗೆ ಹಲವು ಕೋರ್ಸುಗಳಿವೆ. ‘ಕ್ಲಿನಿಕಲ್ ಓದಿದರೆ ಮಾತ್ರ ಬೆಲೆ’ ಎಂದು ಕೆಲವರು, ‘ಎಲ್ಲವೂ ಒಂದೇ, ಮನೆಗೆ ಹತ್ತಿರವಿರುವ ಕಾಲೇಜಿಗೆ ಸೇರು’ ಎಂದು ಕೆಲವರು ಹೇಳುತ್ತಾರೆ. ಹೇಗೆ ಆರಿಸಿಕೊಳ್ಳಲಿ?
— ಓದುಗರೊಬ್ಬರು, ಹಾಸನ

ಉತ್ತರ: ಈ ಪ್ರಶ್ನೆಯನ್ನು ಸೇರುವ ಮೊದಲೇ ಕೇಳಿದ್ದೀರಿ, ಅದು ಸಂತೋಷದ ವಿಷಯ. ಎರಡು ವರ್ಷ ಓದಿ, ಶುಲ್ಕವನ್ನೂ ಕಟ್ಟಿ ಮುಗಿಸಿದ ಮೇಲೆ ‘ಈ ಪದವಿಯಿಂದ ನಾನು ಏನು ಮಾಡಬಹುದು?’ ಎಂದು ಕೇಳುವವರು ಬಹಳ ಮಂದಿ ಇದ್ದಾರೆ. ನಿಮಗೆ ಗೊಂದಲವಾಗಿರುವುದು ಸಹಜ. ಈ ಕ್ಷೇತ್ರದ ಕಾನೂನು ಕಳೆದ ಕೆಲವೇ ವರ್ಷಗಳಲ್ಲಿ ಮೂರು ನಾಲ್ಕು ಕಡೆಯಿಂದ ಬದಲಾಗಿದೆ. ಐದು ವರ್ಷದ ಹಿಂದೆ ಓದಿದವರು ಪ್ರಾಮಾಣಿಕವಾಗಿ ಕೊಟ್ಟ ಸಲಹೆಯೂ ಇಂದು ನಿಮಗೆ ಹೊಂದದೆ ಹೋಗಬಹುದು.

ನಿಮ್ಮ ಸಂದೇಹದಲ್ಲಿ ನಿಜವಾಗಿ ಮೂರು ಪ್ರಶ್ನೆಗಳಿವೆ. ಯಾವ ಕೆಲಸಕ್ಕೆ ಯಾವ ಪದವಿ ಬೇಕು? ಆ ಪದವಿಗೆ ಕಾನೂನಿನ ಮಾನ್ಯತೆ ಇದೆಯೇ? ಒಂದೇ ಹೆಸರಿನ ಎರಡು ಕೋರ್ಸುಗಳಲ್ಲಿ ಒಳ್ಳೆಯದು ಯಾವುದು? ಇದೇ ಕ್ರಮದಲ್ಲಿ ಒಂದೊಂದಾಗಿ ನೋಡೋಣ. ಮೂರನೆಯದಕ್ಕೆ ಜನ ಕೊಡುವ ಗಮನ ಕಡಿಮೆ. ಆದರೆ ನಿಮ್ಮನ್ನು ಒಳ್ಳೆಯ ಸಮಾಲೋಚಕಿಯನ್ನಾಗಿ ಮಾಡುವುದು ಅದೇ. ಆದ್ದರಿಂದ ಅದನ್ನು ವಿಸ್ತಾರವಾಗಿ ಹೇಳುತ್ತೇನೆ.

ಮೊದಲು ಕೆಲಸ, ಆಮೇಲೆ ಪದವಿ

ಐದು ವರ್ಷಗಳ ನಂತರ ನೀವು ಎಲ್ಲಿ, ಯಾರ ಎದುರು ಕುಳಿತು ಮಾತನಾಡುತ್ತಿರಬೇಕು ಎಂದು ಯೋಚಿಸಿ.

ಶಾಲೆ ಅಥವಾ ಕಾಲೇಜಿನಲ್ಲಿ ಹದಿಹರೆಯದವರ ಜೊತೆ ಕೆಲಸ ಮಾಡಬೇಕೆಂದರೆ ಕೌನ್ಸೆಲಿಂಗ್ ಸೈಕಾಲಜಿಯ ಸ್ನಾತಕೋತ್ತರ ಪದವಿ ಸರಿಯಾದ ದಾರಿ. ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಆಪ್ತಸಮಾಲೋಚಕರು ಇರಬೇಕೆಂದು ನಿಯಮ ಮಾಡಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ವಿದ್ಯಾರ್ಥಿಗಳ ಆತ್ಮಹತ್ಯೆಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಮಾರ್ಗಸೂಚಿಗಳನ್ನು ನೀಡಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರಲ್ಲಿ ಕನಿಷ್ಠ ಒಬ್ಬರನ್ನಾದರೂ ನೇಮಿಸಿಕೊಳ್ಳಬೇಕು ಎಂಬುದು ಅದರಲ್ಲಿ ಒಂದು. ಈ ಕೆಲಸಕ್ಕೆ ಬೇಡಿಕೆ ಹೆಚ್ಚುವುದು ಖಂಡಿತ.

ದಂಪತಿಗಳು, ದುಃಖದಲ್ಲಿರುವವರು, ಕೆಲಸದ ಒತ್ತಡದಿಂದ ಬಳಲಿದವರು ಮುಂತಾದವರ ಜೊತೆ ಸಮಾಲೋಚನಾ ಕೇಂದ್ರದಲ್ಲೋ ಖಾಸಗಿಯಾಗಿಯೋ ಕೆಲಸ ಮಾಡುವ ಮನಸ್ಸಿದ್ದರೂ ಕೌನ್ಸೆಲಿಂಗ್ ಪದವಿಯೇ ಆಧಾರ. ಅದರ ಮೇಲೆ ಯಾವುದಾದರೂ ಒಂದು ಚಿಕಿತ್ಸಾ ಪದ್ಧತಿಯಲ್ಲಿ ಹೆಚ್ಚಿನ ತರಬೇತಿ ಬೇಕಾಗುತ್ತದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೆಲಸ, ಸ್ಕಿಜೋಫ್ರೇನಿಯ, ಬೈಪೋಲಾರ್, ತೀವ್ರ ಖಿನ್ನತೆ ಇರುವವರ ಚಿಕಿತ್ಸೆ, ಬುದ್ಧಿಶಕ್ತಿಯ ಪರೀಕ್ಷೆ, ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬೇಕಾದ ಮೌಲ್ಯಮಾಪನ ನಿಮ್ಮನ್ನು ಸೆಳೆಯುತ್ತಿದ್ದರೆ ದಾರಿ ಬೇರೆ. ಅಲ್ಲಿ ಕ್ಲಿನಿಕಲ್ ಸೈಕಾಲಜಿಯ ಮಾನ್ಯ ತರಬೇತಿಯೇ ಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಗಳಲ್ಲೂ ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಸ್ಥಾನವಿದೆ. ದೇಶಕ್ಕೆಲ್ಲ ಮಾದರಿಯಾದ ಆ ಕಾರ್ಯಕ್ರಮವನ್ನು ಮೊದಲು ಪ್ರಯೋಗಿಸಿದ್ದು 1980ರ ದಶಕದಲ್ಲಿ ನಿಮ್ಹಾನ್ಸ್, ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ.

ವ್ಯಕ್ತಿಯ ಜೊತೆಗೆ ಅವರ ಮನೆ, ಊರು, ಉದ್ಯೋಗ, ಸರ್ಕಾರಿ ಸೌಲಭ್ಯಗಳನ್ನೂ ಸೇರಿಸಿ ಕೆಲಸ ಮಾಡುವ ಆಸಕ್ತಿ ಇದ್ದರೆ ಎಂ.ಎಸ್.ಡಬ್ಲ್ಯು. ಒಳ್ಳೆಯ ಆಯ್ಕೆ. ಅದರಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯ ಎಂಬ ವಿಶೇಷ ವಿಭಾಗವಿರುತ್ತದೆ. ಕೌಟುಂಬಿಕ ನ್ಯಾಯಾಲಯ, ಮಹಿಳಾ ಸಾಂತ್ವನ ಕೇಂದ್ರ, ಮಕ್ಕಳ ರಕ್ಷಣಾ ಘಟಕಗಳಂಥ ಕಡೆ ಈ ಓದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇದು ಮನಶ್ಶಾಸ್ತ್ರಕ್ಕಿಂತ ಕೆಳಗಿನ ಮೆಟ್ಟಿಲು ಎಂದು ಭಾವಿಸಬೇಡಿ.

ಎಂ.ಎ. ಅಥವಾ ಎಂ.ಎಸ್ಸಿ. ಸೈಕಾಲಜಿ ಎಂಬ ಸಾಮಾನ್ಯ ಪದವಿ ವಿಷಯದ ಗಟ್ಟಿ ಅಡಿಪಾಯ ಕೊಡುತ್ತದೆ. ಬೋಧನೆ, ಸಂಶೋಧನೆಗೆ ಅದು ಸಾಕು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಮನಶ್ಶಾಸ್ತ್ರ ವಿಭಾಗ ದೇಶದ ಅತಿ ಹಳೆಯ ವಿಭಾಗಗಳಲ್ಲಿ ಒಂದು. ಧಾರವಾಡ, ಬೆಂಗಳೂರಿನಲ್ಲೂ ಈ ಓದಿನ ಅವಕಾಶವಿದೆ. ಆದರೆ ಜನರ ಎದುರು ಕುಳಿತು ಸಮಾಲೋಚನೆ ನಡೆಸುವ ಅಭ್ಯಾಸ ಸಾಮಾನ್ಯ ಪದವಿಯಲ್ಲಿ ಎಷ್ಟಿದೆ ಎಂಬುದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬಹಳ ವ್ಯತ್ಯಾಸವಾಗುತ್ತದೆ. ಕೇಳಿ ತಿಳಿದುಕೊಳ್ಳಬೇಕು.

ಇನ್ನು ಡಿಪ್ಲೊಮಾ. ಶಿಕ್ಷಕರು, ದಾದಿಯರು, ಮಾನವ ಸಂಪನ್ಮೂಲ ವಿಭಾಗದವರು ತಮ್ಮ ಕೆಲಸದ ಜೊತೆಗೆ ಕೇಳಿಸಿಕೊಳ್ಳುವ ಕಲೆಯನ್ನು ರೂಢಿಸಿಕೊಳ್ಳಲು ಡಿಪ್ಲೊಮಾ ಬಹಳ ಒಳ್ಳೆಯದು. ಸ್ನಾತಕೋತ್ತರ ಪದವಿ ಪಡೆದವರಿಗೆ ಅದು ಪೂರಕ. ಆದರೆ ಪದವಿಯ ಜಾಗದಲ್ಲಿ ಡಿಪ್ಲೊಮಾ ನಿಲ್ಲುವುದಿಲ್ಲ. ನಿಮ್ಮ ಗುರಿ ನೋಡಿದರೆ ಅದರಿಂದ ಆರಂಭಿಸಬೇಡಿ ಎಂದೇ ಹೇಳುತ್ತೇನೆ.

‘ಕ್ಲಿನಿಕಲ್’ ಎಂಬ ಹೆಸರಿದ್ದರೆ ಸಾಕೇ?

ಹೆಚ್ಚು ಜನ ಎಡವುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ಓದಿ.

ಪದವಿಯ ಹೆಸರಿನಲ್ಲಿ ‘ಕ್ಲಿನಿಕಲ್ ಸೈಕಾಲಜಿ’ ಎಂದಿದ್ದ ಮಾತ್ರಕ್ಕೆ ಅದನ್ನು ಓದಿದವರು ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಭಾರತದಲ್ಲಿ ಆ ವೃತ್ತಿಯನ್ನು ನಿಯಂತ್ರಿಸುವುದು 1992ರ ಕಾಯ್ದೆಯ ಮೂಲಕ ಬಂದ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಎಲ್ಲರೂ ಆರ್‌ಸಿಐ ಎಂದು ಕರೆಯುವ ಸಂಸ್ಥೆ. ಅದು ಮಾನ್ಯ ಮಾಡಿದ ಕೋರ್ಸನ್ನು ಮುಗಿಸಿ, ಅದರ ಕೇಂದ್ರೀಯ ದಾಖಲೆಯಲ್ಲಿ ನೋಂದಾಯಿಸಿಕೊಂಡವರೇ ಆ ವೃತ್ತಿ ನಡೆಸಲು ಅರ್ಹರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂದು ಹೇಳುವಾಗಲೂ ಇದೇ ಮಾನ್ಯತೆಯನ್ನು ಹಿಡಿಯುತ್ತದೆ, ಇಲ್ಲವೇ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷ ಪೂರ್ಣಾವಧಿಯ, ಮೇಲ್ವಿಚಾರಣೆಯಲ್ಲಿ ನಡೆದ ತರಬೇತಿಯುಳ್ಳ ಎಂ.ಫಿಲ್. ಅನ್ನು ಕೇಳುತ್ತದೆ. ಆದ್ದರಿಂದ ಒಂದು ಖಾಸಗಿ ಕಾಲೇಜು ‘ಎಂ.ಎಸ್ಸಿ. ಕ್ಲಿನಿಕಲ್ ಸೈಕಾಲಜಿ’ ನಡೆಸುತ್ತಿದ್ದು, ಅದಕ್ಕೆ ಪರಿಷತ್ತಿನ ಮಾನ್ಯತೆ ಇಲ್ಲದಿದ್ದರೆ, ಅಲ್ಲಿ ನೀವು ವಿಷಯವನ್ನು ಚೆನ್ನಾಗಿಯೇ ಕಲಿಯಬಹುದು. ಆದರೆ ಆ ವೃತ್ತಿನಾಮ ನಿಮ್ಮದಾಗುವುದಿಲ್ಲ.

ದಶಕಗಳ ಕಾಲ ದಾರಿ ಹೀಗಿತ್ತು: ಎಂ.ಎ. ಅಥವಾ ಎಂ.ಎಸ್ಸಿ. ಸೈಕಾಲಜಿ, ಅದರ ಮೇಲೆ ಎರಡು ವರ್ಷದ ಎಂ.ಫಿಲ್. ಕ್ಲಿನಿಕಲ್ ಸೈಕಾಲಜಿ. ಈ ತರಬೇತಿಯ ಮೂಲ ಬೆಂಗಳೂರಿನಲ್ಲೇ ಇದೆ. ಇಂದಿನ ನಿಮ್ಹಾನ್ಸ್ ಆಗಿರುವ ಅಂದಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1955ರಲ್ಲಿ ಡಿಪ್ಲೊಮಾ ರೂಪದಲ್ಲಿ ಅದು ಆರಂಭವಾಯಿತು. ಆದರೆ 2022ರ ನಿಯಮಗಳಲ್ಲಿ ಯುಜಿಸಿ ಎಲ್ಲ ಎಂ.ಫಿಲ್. ಪದವಿಗಳನ್ನೂ ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯ ಇವೆರಡಕ್ಕೆ ಮಾತ್ರ ವಿನಾಯಿತಿ ಕೊಟ್ಟು 2025-26ನೇ ಸಾಲಿನವರೆಗೆ ಮುಂದುವರಿಸಿತು. ಪುನರ್ವಸತಿ ಪರಿಷತ್ತು ಈಗ ಕ್ಲಿನಿಕಲ್ ಸೈಕಾಲಜಿಯಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಮತ್ತು ಎರಡು ವರ್ಷದ ಸ್ನಾತಕೋತ್ತರ ಪದವಿಗಳನ್ನು ರೂಪಿಸಿದೆ. ಹೀಗಾಗಿ ಎಂ.ಎ. ಮುಗಿಸಿ ಆಮೇಲೆ ಎಂ.ಫಿಲ್. ಮಾಡಿದರಾಯಿತು ಎಂಬ ಹಳೆಯ ಲೆಕ್ಕಾಚಾರವನ್ನು ನಂಬಿ ಹೊರಡಬೇಡಿ.

ಮಾನ್ಯತೆಯನ್ನು ಪರಿಶೀಲಿಸುವುದು ಕಷ್ಟವೇನಲ್ಲ. ಪರಿಷತ್ತು ಮಾನ್ಯತೆ ಕೊಡುವುದು ಇಂಥ ಸಂಸ್ಥೆಗೆ, ಇಂಥ ಕೋರ್ಸಿಗೆ, ಇಷ್ಟು ಅವಧಿಗೆ ಎಂದು. ಒಂದು ವಿಶ್ವವಿದ್ಯಾಲಯದ ಬೇರೊಂದು ಕೋರ್ಸಿಗೆ ಮಾನ್ಯತೆ ಇದೆ ಎಂದರೆ ನಿಮ್ಮ ಕೋರ್ಸಿಗೂ ಇದೆ ಎಂದು ಅರ್ಥವಲ್ಲ. ಪರಿಷತ್ತಿನ ಜಾಲತಾಣದಲ್ಲಿರುವ ಪಟ್ಟಿಯಲ್ಲಿ ಮೂರನ್ನೂ ಸೇರಿಸಿ ನೋಡಿ. ಪ್ರವೇಶ ವಿಭಾಗದವರು ಬಾಯಲ್ಲಿ ಹೇಳಿದ್ದು ಸಾಕಾಗದು.

ಹಾಗಾದರೆ ಕೌನ್ಸೆಲಿಂಗ್ ಓದಿದವರ ಸ್ಥಿತಿ ಏನು? ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರಾಜ್ಯ ಪ್ರಾಧಿಕಾರ ನೋಂದಾಯಿಸುವುದು ಕ್ಲಿನಿಕಲ್ ಸೈಕಾಲಜಿಸ್ಟರು, ಮಾನಸಿಕ ಆರೋಗ್ಯ ಶುಶ್ರೂಷಕರು ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು. ಸಮಾಲೋಚಕರ ಹೆಸರು ಅಲ್ಲಿಲ್ಲ. ಆ ಕೊರತೆಯನ್ನು ತುಂಬಲು ಬಂದದ್ದು 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗದ ಕಾಯ್ದೆ. ಅದರ ಪಟ್ಟಿಯಲ್ಲಿ ವರ್ತನಾ ಆರೋಗ್ಯ ವಿಜ್ಞಾನ ಎಂಬ ವಿಭಾಗದ ಕೆಳಗೆ ಪುನರ್ವಸತಿ ಪರಿಷತ್ತಿನ ವ್ಯಾಪ್ತಿಗೆ ಬರದ ಮನಶ್ಶಾಸ್ತ್ರಜ್ಞರು, ವಿವಿಧ ಬಗೆಯ ಸಮಾಲೋಚಕರು, ಸಮಾಜ ಕಾರ್ಯಕರ್ತರು ಸೇರಿದ್ದಾರೆ. ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ಮಂಡಳಿ, ಅವುಗಳ ಮೂಲಕ ನೋಂದಣಿ, ಇದು ಆ ಕಾಯ್ದೆಯ ಕ್ರಮ.

ನಿಮಗೆ ಇದರಿಂದ ಬರುವ ಪಾಠ ಎರಡು. ಒಂದು, ಸಮಾಲೋಚನೆಯೂ ನೋಂದಣಿಯ ವೃತ್ತಿಯಾಗುವತ್ತ ಸಾಗಿದೆ. ನೋಂದಣಿಗೆ ಅರ್ಜಿ ಹಾಕುವಾಗ ನೀವು ಏನು ಓದಿದಿರಿ, ಎಷ್ಟು ಗಂಟೆ ತರಬೇತಿ ಪಡೆದಿರಿ ಎಂಬುದಕ್ಕೆ ದಾಖಲೆ ತೋರಿಸಬೇಕಾಗುತ್ತದೆ. ಎರಡು, ಈ ಕಾಯ್ದೆಯ ವ್ಯಾಪ್ತಿಗೆ ಬರುವ ಆರೋಗ್ಯ ಸಂಬಂಧಿ ವಿಷಯಗಳನ್ನು, ಮನಶ್ಶಾಸ್ತ್ರವನ್ನೂ ಸೇರಿಸಿ, ದೂರ ಶಿಕ್ಷಣ ಮತ್ತು ಆನ್‌ಲೈನ್ ವಿಧಾನದಲ್ಲಿ ಕಲಿಸಬಾರದೆಂದು ಯುಜಿಸಿ ತೀರ್ಮಾನಿಸಿದೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದಲೇ ಅದು ಜಾರಿಯಾಗಿದೆ. ‘ಮನೆಯಲ್ಲೇ ಕುಳಿತು ಎರಡು ವರ್ಷದಲ್ಲಿ ಎಂ.ಎ. ಸೈಕಾಲಜಿ’ ಎಂಬ ಜಾಹೀರಾತು ಕಣ್ಣಿಗೆ ಬಿದ್ದರೆ ಈ ತೀರ್ಮಾನವನ್ನು ನೆನಪಿಡಿ. ಹಣ ಉಳಿಸಲು ಆ ದಾರಿ ಹಿಡಿಯಬೇಡಿ.

ಒಳ್ಳೆಯ ಕೋರ್ಸನ್ನು ಗುರುತಿಸುವುದು ಹೇಗೆ?

ಮಾನ್ಯತೆ ಇರುವ ಎರಡು ಮೂರು ಕೋರ್ಸುಗಳು ನಿಮ್ಮ ಮುಂದೆ ಉಳಿದವು ಎಂದಿಟ್ಟುಕೊಳ್ಳಿ. ಪಠ್ಯಕ್ರಮಗಳು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ: ವ್ಯಕ್ತಿತ್ವ ಸಿದ್ಧಾಂತಗಳು, ಮನೋರೋಗ ಲಕ್ಷಣಗಳು, ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ, ಚಿಕಿತ್ಸಾ ಪದ್ಧತಿಗಳು. ವ್ಯತ್ಯಾಸ ಇರುವುದು ಕೆಲಸದ ಅಭ್ಯಾಸದಲ್ಲಿ, ಅದಕ್ಕಿಂತ ಮುಖ್ಯವಾಗಿ ಮೇಲ್ವಿಚಾರಣೆಯಲ್ಲಿ. ಈ ಮಾತನ್ನು ಬರಿಯ ಸಲಹೆಯಾಗಿ ಬಿಡದೆ, ಮೇಲ್ವಿಚಾರಣೆ ಎಂದರೇನು ಎಂದು ಹತ್ತಿರದಿಂದ ತೋರಿಸುತ್ತೇನೆ.

ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ನಲವತ್ತರ ಆಸುಪಾಸಿನ ಮಹಿಳೆಯೊಬ್ಬರ ಜೊತೆ ಮಾತನಾಡಿದ್ದಾಳೆ ಎಂದುಕೊಳ್ಳಿ. ಆ ಮಾತುಕತೆಯನ್ನು ಹೆಸರು ಗುರುತುಗಳನ್ನು ತೆಗೆದು, ಆದಷ್ಟು ಆಡಿದ ಮಾತಿನಲ್ಲೇ ಬರೆದು ತಂದಿದ್ದಾಳೆ. ಅದರಲ್ಲಿ ಆ ಮಹಿಳೆ ಹೇಳುತ್ತಾರೆ: “ಮನೇಲಿ ಏನೂ ತೊಂದ್ರೆ ಇಲ್ಲ. ನಾಲ್ಕು ತಿಂಗಳಿಂದ ನಿದ್ದೆ ಮಾತ್ರ ಬರ್ತಿಲ್ಲ.” ವಿದ್ಯಾರ್ಥಿನಿಯ ಉತ್ತರ: “ಮಲಗೋ ಮುಂಚೆ ಮೊಬೈಲ್ ನೋಡ್ಬೇಡಿ, ಸಂಜೆ ಮೇಲೆ ಕಾಫಿ ಬಿಡಿ.” ಮೇಲ್ವಿಚಾರಕರು ಅಲ್ಲಿ ಬೆರಳಿಟ್ಟು ನಿಲ್ಲಿಸುತ್ತಾರೆ. “ಮನೆಯ ಬಗ್ಗೆ ನೀನು ಕೇಳಿರಲಿಲ್ಲ, ಅವರೇ ಹೇಳಿದರು. ಅದನ್ನು ಗಮನಿಸಿದೆಯಾ? ನಾಲ್ಕು ತಿಂಗಳ ಹಿಂದೆ ಏನಾಯಿತು ಎಂದು ಯಾಕೆ ಕೇಳಲಿಲ್ಲ? ಸಲಹೆ ಕೊಡುವ ಅವಸರ ನಿನಗೆ ಎಲ್ಲಿಂದ ಬಂತು?” ಆಮೇಲೆ ಇನ್ನೊಂದು ಪ್ರಶ್ನೆ: “ಬದುಕು ಸಾಕು ಎನಿಸುತ್ತದೆಯೇ ಎಂದು ಕೇಳಿದೆಯಾ?” ವಿದ್ಯಾರ್ಥಿನಿ ಕೇಳಿಲ್ಲ. ಕೇಳಿದರೆ ಆ ಯೋಚನೆಯನ್ನು ತಾನೇ ಅವರ ತಲೆಗೆ ಹಾಕಿದಂತಾಗುತ್ತದೆ ಎಂದು ಹೆದರಿದ್ದಾಳೆ. ಆತ್ಮಹತ್ಯೆಯ ಯೋಚನೆಯ ಬಗ್ಗೆ ನೇರವಾಗಿ, ಮೃದುವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಎಷ್ಟೋ ಜನಕ್ಕೆ ಅದರಿಂದ ಹೇಳಿಕೊಳ್ಳುವ ದಾರಿ ಸಿಗುತ್ತದೆ ಎಂದು ಮೇಲ್ವಿಚಾರಕರು ವಿವರಿಸಿ, ಹೇಗೆ ಕೇಳಬೇಕೆಂದು ಅಲ್ಲೇ ಆಡಿ ತೋರಿಸುತ್ತಾರೆ. ಮುಂದಿನ ವಾರ ಆಕೆ ಅದನ್ನು ಕೇಳುತ್ತಾಳೆ.

ಈ ಒಂದು ಗಂಟೆಯಲ್ಲಿ ಕಲಿತದ್ದು ಯಾವ ಪಠ್ಯಪುಸ್ತಕದಿಂದಲೂ ಬರುವುದಿಲ್ಲ. ಶ್ರುತಿ ತಪ್ಪಿದ ಕ್ಷಣದಲ್ಲೇ ಗುರುಗಳು ತಡೆದು ತಿದ್ದಿದರೆ ಮಾತ್ರ ಸಂಗೀತ ಬರುತ್ತದೆ. ಇಲ್ಲೂ ಅಷ್ಟೇ. ಎರಡು ವರ್ಷದಲ್ಲಿ ಇಂಥ ಗಂಟೆಗಳು ನಿಮಗೆ ಎಷ್ಟು ಸಿಗುತ್ತವೆ ಎಂಬುದೇ ಕೋರ್ಸಿನ ನಿಜವಾದ ಅಳತೆ.

ಅಳೆಯುವುದಕ್ಕೆ ಒಂದು ಮಾನದಂಡ ಬೇಕಲ್ಲವೇ? ಅಮೆರಿಕದಲ್ಲಿ ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಿಎಸಿಆರ್‌ಇಪಿ ಎಂಬ ಸಂಸ್ಥೆಯ ನಿಯಮದಂತೆ ವಿದ್ಯಾರ್ಥಿ ಮೊದಲು 100 ಗಂಟೆಯ ಪ್ರಾಯೋಗಿಕ ತರಬೇತಿ, ಆಮೇಲೆ 600 ಗಂಟೆಯ ಇಂಟರ್ನ್‌ಶಿಪ್ ಮುಗಿಸಬೇಕು. ಮೊದಲಿನದರಲ್ಲಿ ಕನಿಷ್ಠ 40 ಗಂಟೆ, ಎರಡನೆಯದರಲ್ಲಿ ಕನಿಷ್ಠ 240 ಗಂಟೆ ಜನರ ಜೊತೆ ನೇರವಾಗಿ ಕುಳಿತು ಮಾಡಿದ ಕೆಲಸವಾಗಿರಬೇಕು. ಅಂದರೆ ಪದವಿ ಮುಗಿಯುವ ಹೊತ್ತಿಗೆ 280 ಗಂಟೆಯ ನೇರ ಅನುಭವ. ಬ್ರಿಟನ್ನಿನಲ್ಲಿ ಬಿಎಸಿಪಿ ಎಂಬ ವೃತ್ತಿಸಂಘದ ವೈಯಕ್ತಿಕ ಮಾನ್ಯತೆ ಬೇಕಾದರೆ ಮೇಲ್ವಿಚಾರಣೆಯಲ್ಲಿ ನಡೆಸಿದ ಕನಿಷ್ಠ 450 ಗಂಟೆಗಳ ಅಭ್ಯಾಸ ತೋರಿಸಬೇಕು. ನಮ್ಮ ಕೋರ್ಸುಗಳು ಈ ಅಂಕಿಗಳನ್ನೇ ಮುಟ್ಟಬೇಕೆಂದಿಲ್ಲ. ಆದರೆ ಕಾಲೇಜಿನವರು ‘ಇಂಟರ್ನ್‌ಶಿಪ್ ಇದೆ’ ಎಂದಾಗ ‘ಎಷ್ಟು ಗಂಟೆ? ಅದರಲ್ಲಿ ನೇರವಾಗಿ ಜನರ ಜೊತೆ ಎಷ್ಟು?’ ಎಂದು ಕೇಳುವುದಕ್ಕೆ ಇವು ನಿಮಗೆ ಆಧಾರ. ಮೂವತ್ತು ದಿನ ಒಂದು ಸಂಸ್ಥೆಗೆ ಹೋಗಿ, ಹಿರಿಯರು ಮಾತನಾಡುವುದನ್ನು ಮೂಲೆಯಲ್ಲಿ ಕುಳಿತು ನೋಡಿ, ಪ್ರಮಾಣಪತ್ರ ತರುವುದನ್ನೂ ಇಂಟರ್ನ್‌ಶಿಪ್ ಎಂದೇ ಕರೆಯುತ್ತಾರೆ.

ನಾಳೆ ವಿದೇಶಕ್ಕೆ ಹೋಗುವ ಯೋಚನೆಯಿದ್ದರೂ ಈ ಗಂಟೆಗಳ ದಾಖಲೆ ನಿಮ್ಮ ಬಳಿ ಇರಬೇಕು. ಇಲ್ಲಿನ ಪದವಿಯಿಂದ ಅಲ್ಲಿನ ಪರವಾನಗಿ ತಾನಾಗಿ ಬರುವುದಿಲ್ಲ. ಉದಾಹರಣೆಗೆ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ 2015ರಿಂದ ಸೈಕೋಥೆರಪಿಸ್ಟರು ಅಲ್ಲಿನ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡೇ ಕೆಲಸ ಮಾಡಬೇಕು. ಅಂಥ ಸಂಸ್ಥೆಗಳು ಕೇಳುವುದು ಅಂಕಪಟ್ಟಿಯ ಜೊತೆಗೆ ತರಬೇತಿಯ ವಿವರವನ್ನೂ.

ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಕಾಲೇಜಿಗೆ ಹೋದಾಗ ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಸಂಕೋಚ ಬೇಡ.

1. ನನ್ನ ಬಿ.ಎ.ಗೆ ಅರ್ಹತೆ ಇದೆಯೇ? ಮನಶ್ಶಾಸ್ತ್ರವನ್ನು ಮೂರರಲ್ಲಿ ಒಂದು ವಿಷಯವಾಗಿ ಓದಿದವರನ್ನು ಕೆಲವು ಕಡೆ ತೆಗೆದುಕೊಳ್ಳುತ್ತಾರೆ, ಕೆಲವು ಕಡೆ ಇಷ್ಟು ಶೇಕಡಾ ಅಂಕ ಅಥವಾ ಪ್ರವೇಶ ಪರೀಕ್ಷೆ ಬೇಕೆನ್ನುತ್ತಾರೆ.

2. ತರಬೇತಿ ಎಲ್ಲಿ ನಡೆಯುತ್ತದೆ? ಆಸ್ಪತ್ರೆ, ಶಾಲೆ, ಸಮಾಲೋಚನಾ ಕೇಂದ್ರಗಳ ಜೊತೆ ಕಾಲೇಜಿಗೆ ಒಪ್ಪಂದವಿದೆಯೇ, ಇಲ್ಲವೇ ವಿದ್ಯಾರ್ಥಿಗಳೇ ಜಾಗ ಹುಡುಕಿಕೊಳ್ಳಬೇಕೇ?

3. ಮೇಲ್ವಿಚಾರಣೆ ಮಾಡುವವರು ಯಾರು? ಅವರು ಈಗಲೂ ಜನರಿಗೆ ಸಮಾಲೋಚನೆ ಕೊಡುತ್ತಿದ್ದಾರೆಯೇ? ಒಬ್ಬೊಬ್ಬರ ಕೆಳಗೆ ಎಷ್ಟು ವಿದ್ಯಾರ್ಥಿಗಳಿರುತ್ತಾರೆ? ವಾರಕ್ಕೊಮ್ಮೆ ಭೇಟಿ ಇದೆಯೇ?

4. ಗಂಟೆಗಳ ದಾಖಲೆಯನ್ನು ಸಹಿ ಮಾಡಿ ಕೊಡುತ್ತೀರಾ?

5. ವಿದ್ಯಾರ್ಥಿಗಳು ತಾವೇ ಸಮಾಲೋಚನೆಗೆ ಹೋಗುವ ವ್ಯವಸ್ಥೆ ಇದೆಯೇ? ಇನ್ನೊಬ್ಬರ ನೋವನ್ನು ದಿನವೂ ಕೇಳುವವರಿಗೆ ತಮ್ಮ ಮನಸ್ಸನ್ನು ಬಿಚ್ಚಿಡುವ ಜಾಗ ಬೇಕು. ಎದುರಿನ ಕುರ್ಚಿಯಲ್ಲಿ ಕುಳಿತಾಗ ಹೇಗಿರುತ್ತದೆ ಎಂಬುದೂ ಆಗ ತಿಳಿಯುತ್ತದೆ.

6. ಹಿಂದಿನ ಎರಡು ತಂಡಗಳ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ? ಅವರಲ್ಲಿ ಇಬ್ಬರ ಜೊತೆ ಮಾತನಾಡಬಹುದೇ?

ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡುವ ಸಣ್ಣ ಕಾಲೇಜು, ಹಾರಿಕೆಯ ಉತ್ತರ ಕೊಡುವ ದೊಡ್ಡ ಹೆಸರಿನ ಸಂಸ್ಥೆಗಿಂತ ನಿಮಗೆ ಒಳ್ಳೆಯದು. ಶುಲ್ಕದ ವಿಷಯವನ್ನೂ ಹೀಗೇ ನೋಡಿ. ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಖಾಸಗಿ ವಿಶ್ವವಿದ್ಯಾಲಯಗಳಿಗೂ ಶುಲ್ಕದಲ್ಲಿ ಬಹಳ ಅಂತರವಿದೆ, ಆರಂಭದ ಸಂಬಳದಲ್ಲಿ ಅಷ್ಟು ಅಂತರ ಕಾಣುವುದಿಲ್ಲ. ದೊಡ್ಡ ಸಾಲ ಮಾಡಿ ಓದುವ ಮೊದಲು, ಕಡಿಮೆ ಶುಲ್ಕದ ಕಡೆ ಓದಿ ಉಳಿಸಿದ ಹಣದಲ್ಲಿ ಪದವಿಯ ನಂತರ ಖಾಸಗಿಯಾಗಿ ಮೇಲ್ವಿಚಾರಣೆ ಪಡೆಯಬಹುದೇ ಎಂದು ಲೆಕ್ಕ ಹಾಕಿ.

ಸೈಕೋಥೆರಪಿ ಎಲ್ಲಿ ಬರುತ್ತದೆ?

ಸೈಕೋಥೆರಪಿಗೆ ಬೇರೆಯೇ ಒಂದು ಪದವಿ ಇರಬೇಕು ಎಂದು ನೀವು ಭಾವಿಸಿದಂತಿದೆ. ನಮ್ಮಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಸಮಾಲೋಚನೆ ಮತ್ತು ಸೈಕೋಥೆರಪಿ ನಡುವೆ ಗೋಡೆ ಇಲ್ಲ. ಎದುರಿಗಿರುವ ಒಂದು ಸಮಸ್ಯೆಯ ಸುತ್ತ ಕೆಲವು ಭೇಟಿಗಳಲ್ಲಿ ಮುಗಿಯುವ ಕೆಲಸವನ್ನು ಸಮಾಲೋಚನೆ ಎನ್ನುವುದು ರೂಢಿ. ಬಹುಕಾಲದಿಂದ ಬೇರೂರಿದ ತೊಂದರೆಗಳನ್ನು ಒಂದು ನಿರ್ದಿಷ್ಟ ಪದ್ಧತಿಯ ಪ್ರಕಾರ ಹೆಚ್ಚು ಕಾಲ, ಹೆಚ್ಚು ಆಳಕ್ಕಿಳಿದು ನೋಡುವ ಚಿಕಿತ್ಸೆಗೆ ಸೈಕೋಥೆರಪಿ ಎನ್ನುತ್ತಾರೆ. ಔಷಧ ಬರೆಯುವ ಅಧಿಕಾರ ಈ ಎರಡರಲ್ಲೂ ಇಲ್ಲ, ಅದು ಮನೋವೈದ್ಯರದು.

ಪದ್ಧತಿಗಳು ಹಲವು. ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಅರಿವಿನ ಚಿಕಿತ್ಸೆ ಮತ್ತು ಅದರಿಂದ ಬೆಳೆದ ಸಿಬಿಟಿ (ಅರಿವು-ವರ್ತನಾ ಚಿಕಿತ್ಸೆ), ಕಾರ್ಲ್ ರೋಜರ್ಸ್ ಅವರ ವ್ಯಕ್ತಿಕೇಂದ್ರಿತ ಪದ್ಧತಿ, ಫ್ರಾಯ್ಡ್ ಪರಂಪರೆಯ ಮನೋವಿಶ್ಲೇಷಣೆ, ಕುಟುಂಬ ಚಿಕಿತ್ಸೆ ಇವು ಮುಖ್ಯವಾದವು. ಸ್ನಾತಕೋತ್ತರ ಪದವಿಯಲ್ಲಿ ಎಲ್ಲದರ ಪರಿಚಯ ಆಗುತ್ತದೆ, ಒಂದರಲ್ಲೂ ಪರಿಣತಿ ಬರುವುದಿಲ್ಲ. ಅದು ಕೋರ್ಸಿನ ದೋಷವಲ್ಲ. ಪದವಿಯ ನಂತರ ಒಂದೆರಡು ವರ್ಷ ಕೆಲಸ ಮಾಡಿ, ಯಾವ ಪದ್ಧತಿ ನಿಮ್ಮ ಸ್ವಭಾವಕ್ಕೂ ನೀವು ನೋಡುವ ಜನರಿಗೂ ಹೊಂದುತ್ತದೆ ಎಂದು ಕಂಡುಕೊಂಡು, ಅದರಲ್ಲಿ ಮುಂದಿನ ತರಬೇತಿ ಪಡೆಯುವುದು ಸರಿಯಾದ ಕ್ರಮ. ಯಾವ ಪದ್ಧತಿಯನ್ನೇ ಹಿಡಿದರೂ, ಚಿಕಿತ್ಸಕರಿಗೂ ಸಹಾಯ ಕೇಳಿ ಬಂದವರಿಗೂ ನಡುವೆ ಬೆಳೆಯುವ ನಂಬಿಕೆ ಫಲಿತಾಂಶದಲ್ಲಿ ದೊಡ್ಡ ಪಾತ್ರ ವಹಿಸುತ್ತದೆ ಎಂಬುದನ್ನು ಹಲವು ದಶಕಗಳ ಸಂಶೋಧನೆ ತೋರಿಸಿದೆ. ಆದ್ದರಿಂದ ಈಗಲೇ ‘ಸಿಬಿಟಿಯೋ, ಮನೋವಿಶ್ಲೇಷಣೆಯೋ’ ಎಂದು ಚಿಂತಿಸಿ ಕೋರ್ಸನ್ನು ಆರಿಸಬೇಕಾಗಿಲ್ಲ.

ಕನ್ನಡದಲ್ಲಿ ಕೇಳಿಸಿಕೊಳ್ಳುವ ತರಬೇತಿ

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಈ ಕೋರ್ಸುಗಳೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತವೆ. ಆದರೆ ಹಾಸನದಲ್ಲೋ ಅರಸೀಕೆರೆಯಲ್ಲೋ ನಿಮ್ಮ ಎದುರು ಕುಳಿತವರು ‘ನನಗೆ ಡಿಪ್ರೆಶನ್’ ಎಂದು ಶುರುಮಾಡುವುದು ಅಪರೂಪ. ‘ಎದೆ ಭಾರ’, ‘ಮೈಯೆಲ್ಲಾ ಉರಿ’, ‘ತಲೆ ಜುಂ ಅನ್ನುತ್ತೆ’, ‘ಯಾವುದರಲ್ಲೂ ಮನಸ್ಸಿಲ್ಲ’, ‘ಕೈಕಾಲು ಬಿದ್ದುಹೋದ ಹಾಗೆ’ ಎನ್ನುತ್ತಾರೆ. ಯಾವ ಮಾತಿನ ಹಿಂದೆ ದೇಹದ ಕಾಯಿಲೆ ಇದೆ, ಯಾವುದರ ಹಿಂದೆ ಮನಸ್ಸಿನ ನೋವಿದೆ, ಯಾವಾಗ ಮೊದಲು ವೈದ್ಯರ ಬಳಿ ಕಳಿಸಬೇಕು ಎಂಬುದನ್ನು ಕಲಿಯಬೇಕಾದರೆ ಕನ್ನಡ ಮಾತನಾಡುವ ಜನರ ನಡುವೆಯೇ ತರಬೇತಿ ಆಗಬೇಕು. ಕೋರ್ಸಿನ ತರಬೇತಿ ಸ್ಥಳಗಳಲ್ಲಿ ಸರ್ಕಾರಿ ಆಸ್ಪತ್ರೆಯೋ ಜಿಲ್ಲಾ ಆಸ್ಪತ್ರೆಯೋ ಇದ್ದರೆ ಅದನ್ನು ದೊಡ್ಡ ಅನುಕೂಲವೆಂದು ತಿಳಿಯಿರಿ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ಗಳಿಗೆ ರಾಜ್ಯದ ಎಲ್ಲ ಕಡೆಯಿಂದ ಜನ ಬರುತ್ತಾರೆ. ನಿಮ್ಹಾನ್ಸ್‌ನಲ್ಲಿ ಬಹುಕಾಲ ಕೆಲಸ ಮಾಡಿದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರು ಮಾನಸಿಕ ಆರೋಗ್ಯದ ಬಗ್ಗೆ ಕನ್ನಡದಲ್ಲಿ ನೂರಾರು ಪುಸ್ತಕ, ಲೇಖನಗಳನ್ನು ಬರೆದಿದ್ದಾರೆ. ಕೋರ್ಸ್ ಆರಂಭವಾಗುವ ಮೊದಲೇ ಅವುಗಳಲ್ಲಿ ಕೆಲವನ್ನು ಓದಿಕೊಂಡರೆ, ಕಷ್ಟದ ವಿಷಯವನ್ನು ಸಾಮಾನ್ಯರ ಮಾತಿನಲ್ಲಿ ಹೇಳುವುದು ಹೇಗೆಂದು ತಿಳಿಯುತ್ತದೆ.

ಒಟ್ಟಿನಲ್ಲಿ ನನ್ನ ಸಲಹೆ

ನಿಮ್ಮ ಪತ್ರದಿಂದ ತಿಳಿಯುವಂತೆ ನಿಮಗೆ ಬೇಕಿರುವುದು ಸಮಾಲೋಚನೆಯ ಕೆಲಸ. ಆಸ್ಪತ್ರೆ, ಮಾನಸಿಕ ಪರೀಕ್ಷೆಗಳ ಮಾತನ್ನು ನೀವು ಎತ್ತಿಲ್ಲ. ಹಾಗಿದ್ದರೆ ನಿಯತ ವಿಧಾನದಲ್ಲಿ, ಪೂರ್ಣಾವಧಿಯಲ್ಲಿ ನಡೆಯುವ ಎಂ.ಎಸ್ಸಿ. ಕೌನ್ಸೆಲಿಂಗ್ ಸೈಕಾಲಜಿಗೆ ಸೇರಿ. ಬೆಂಗಳೂರಿನ ಹಲವು ಕಾಲೇಜುಗಳಲ್ಲಿ ಅದು ಇದೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕೌನ್ಸೆಲಿಂಗ್ ವಿಶೇಷತೆಯುಳ್ಳ ಎಂ.ಎ.ಗೂ ಪ್ರಯತ್ನಿಸಬಹುದು. ಅಕಸ್ಮಾತ್ ಆಸ್ಪತ್ರೆಯ ಕೆಲಸವೇ ನಿಮ್ಮ ಒಳಗಿನ ಆಸೆಯಾಗಿದ್ದರೆ, ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ಕ್ಲಿನಿಕಲ್ ಕೋರ್ಸನ್ನೇ ಹಿಡಿಯಿರಿ. ಅದು ಈ ವರ್ಷ ಸಿಗದಿದ್ದರೆ ಇನ್ನೊಂದು ವರ್ಷ ಕಾದು ಪ್ರಯತ್ನಿಸಿ, ಮಾನ್ಯತೆ ಇಲ್ಲದ ಕ್ಲಿನಿಕಲ್ ಪದವಿಗೆ ಒಪ್ಪಿಕೊಳ್ಳಬೇಡಿ. ‘ಕ್ಲಿನಿಕಲ್’ಗೆ ಮಾತ್ರ ಬೆಲೆ ಎಂದವರ ಮಾತೂ ಸರಿಯಲ್ಲ, ಎಲ್ಲವೂ ಒಂದೇ ಎಂದವರ ಮಾತೂ ಸರಿಯಲ್ಲ. ಎರಡೂ ಗೌರವದ ಕೆಲಸಗಳು, ತರಬೇತಿ ಮಾತ್ರ ಬೇರೆ ಬೇರೆ.

ಅರ್ಜಿ ತುಂಬುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಆಯ್ಕೆಯ ಕಾಲೇಜಿಗೆ ಒಂದು ದಿನ ಹೋಗಿ, ಎರಡನೇ ವರ್ಷದಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿಯನ್ನು ಪಕ್ಕಕ್ಕೆ ಕರೆದು ಕೇಳಿ: “ಈ ತಿಂಗಳು ನೀವು ಎಷ್ಟು ಜನರ ಜೊತೆ ಕುಳಿತು ಮಾತನಾಡಿದಿರಿ? ಆಮೇಲೆ ಅದನ್ನು ಯಾರ ಜೊತೆ ಚರ್ಚಿಸಿದಿರಿ?” ಎರಡಕ್ಕೂ ಸ್ಪಷ್ಟ ಉತ್ತರ ಸಿಕ್ಕರೆ ಧೈರ್ಯವಾಗಿ ಸೇರಿ. ಸಿಗದಿದ್ದರೆ ಪಟ್ಟಿಯಲ್ಲಿರುವ ಮುಂದಿನ ಕಾಲೇಜನ್ನು ನೋಡಿ.